ಕಣ್ಣು ಬರೆದವನ ಸಹಿ

ಹೋದ ವರ್ಷ ಬೀದರಿನ ಒಂದು ಕಾಲೇಜಿನವರು ನನ್ನನ್ನು ಭಾಷಣಕ್ಕೆ ಕರೆದಿದ್ದರು. ಚಿತ್ರಕಲೆಯನ್ನೇ ನೆಚ್ಚಿಕೊಂಡು ಬದುಕಬೇಕೆಂದಿರುವ ಹುಡುಗ ಹುಡುಗಿಯರಿಗೆ ಹಿರಿಯನೊಬ್ಬ ನಾಲ್ಕು ಮಾತು ಹೇಳಬೇಕಂತೆ. ಹೇಳಿದೆ. ಶ್ರದ್ಧೆ ಇರಲಿ, ದಿನಾ ಅಭ್ಯಾಸ ಮಾಡಿ, ಗುರುಗಳನ್ನು ಗೌರವಿಸಿ, ಪ್ರತಿಭೆಗೆ ಬೆಲೆ ಇದ್ದೇ ಇದೆ ಎಂದೆ. ಚಪ್ಪಾಳೆ ಬಿತ್ತು. ಒಂದು ಹಾರ, ಒಂದು ಶಾಲು, ಬಿದರಿ ಕೆಲಸದ ಒಂದು ಪುಟ್ಟ ಹೂದಾನಿ ಕೊಟ್ಟು ಕಳಿಸಿದರು. ನಾನು ಹೇಳಿದ್ದರಲ್ಲಿ ಅಭ್ಯಾಸದ ಮಾತೊಂದನ್ನು ಬಿಟ್ಟರೆ ಉಳಿದದ್ದೆಲ್ಲ ಸುಳ್ಳು.

ಹೊರಗೆ ಮೆಟ್ಟಿಲ ಮೇಲೆ ಸವಿತಾ ತಡೆದಳು. ಔರಾದಿನವಳು, ನನ್ನ ನೌಕರಿಯ ಕೊನೆಯ ವರ್ಷಗಳಲ್ಲಿ ಬೀದರಿನಲ್ಲಿ ನನ್ನ ಕೈಕೆಳಗೆ ಕಲಿತವಳು. ಆಗಷ್ಟೇ ಪ್ರೌಢಶಾಲೆಯಲ್ಲಿ ಚಿತ್ರಕಲಾ ಶಿಕ್ಷಕಿಯಾಗಿ ಸೇರಿದ್ದಳು.

"ಸರ್, ಒಳಗ ನೀವ್ ಹೇಳಿದ್ದು ಎಲ್ಲಾ ಪುಸ್ತಕದಾಗ ಅದರಿ," ಅಂದಳು. "ಪುಸ್ತಕದಾಗ ಇಲ್ಲದ್ದು ಹೇಳ್ರಿ."

"ಅದನ್ನ ಹೇಳಿದ್ರ ನೀ ನೌಕರಿ ಬಿಟ್ಟು ಹೋಗ್ತಿ."

"ಹೋಗಂಗಿಲ್ರಿ. ಹೇಳ್ರಿ."

ಅವಳಿಗಾಗಿ, ಅವಳಂಥವರಿಗಾಗಿ ಇದನ್ನು ಬರೆದೆ. ನನ್ನ ಬಡ್ತಿ, ವರ್ಗಾವಣೆ, ಬೀಳ್ಕೊಡುಗೆಯ ಸುದ್ದಿ ಇದರಲ್ಲಿ ಸಿಗುವುದಿಲ್ಲ. ಅವುಗಳಿಂದ ಯಾರಿಗೂ ಏನೂ ಆಗಬೇಕಾದ್ದಿಲ್ಲ.

ನಾನು ಭಾಲ್ಕಿ ತಾಲೂಕಿನ ಮೆಹಕರದವನು. ಮನೆಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ. ನಮ್ಮದು ಬೌದ್ಧ ಮನೆತನ. ಗೋಡೆಯ ಮೇಲಿದ್ದ ಬುದ್ಧನ ಕ್ಯಾಲೆಂಡರನ್ನು ನೋಡಿ ನೋಡಿ ಇದ್ದಿಲಿನಿಂದ ನಕಲು ಮಾಡುತ್ತ ಕಲಿತೆ. ಬುದ್ಧನ ಕಣ್ಣು ಅರೆಮುಚ್ಚಿರುತ್ತದೆ, ಬರೆಯುವುದು ಸುಲಭ. ಪೂರ್ತಿ ತೆರೆದ ಕಣ್ಣುಗಳೇ ಮುಂದೆ ನನ್ನ ಬದುಕಿಗೆ ಮುಳುವಾದವು.

ಮೊದಲ ನೌಕರಿ ಔರಾದ ತಾಲೂಕಿನ ಠಾಣಾ ಕುಶನೂರಿನಲ್ಲಿ. ಚಿತ್ರಕಲಾ ಶಿಕ್ಷಕನೆಂದರೆ ಮಕ್ಕಳಿಗೆ ಚಿತ್ರ ಕಲಿಸುವವನು ಎಂದುಕೊಂಡು ಹೋಗಿದ್ದೆ. ನಾನು ಸೇರಿದ ದಿನವೇ ಹೆಡ್ ಮಾಸ್ತರರು ಭ್ರಮೆ ಬಿಡಿಸಿದರು.

"ಗಣಿತದವರು ರಜಾ ಹಾಕ್ಯಾರ. ಅವರ ಪೀರಿಯಡ್ ನೀವ್ ತಗೋರಿ."

"ನನಗ ಗಣಿತ ಬರಂಗಿಲ್ರಿ ಸರ್."

"ಕಲಸ್ರಿ ಅಂತ ಯಾರ ಅಂದ್ರು? ಗದ್ದಲ ಆಗಬಾರದು, ಅಷ್ಟ."

ಅಂದಿನಿಂದ ಯಾರು ರಜೆ ಹಾಕಿದರೂ ಗದ್ದಲ ಆಗದಂತೆ ನೋಡಿಕೊಳ್ಳುವುದೇ ನನ್ನ ವಿಷಯವಾಯಿತು. ಅದು ಸಾಲದೆಂಬಂತೆ ಸ್ವಾಗತ ಕಮಾನು, ಪ್ರಮಾಣಪತ್ರಗಳ ಮೇಲೆ ಹೆಸರು, ವಾರ್ಷಿಕ ಗ್ಯಾದರಿಂಗಿನ ನಾಟಕದಲ್ಲಿ ರಾಜನಿಗೆ ಮೀಸೆ, ಪಾಯಖಾನೆಯ ಬಾಗಿಲಿಗೆ ಗಂಡು ಹೆಣ್ಣು. ಊರಿಗೆ ಯಾವ ಸಾಹೇಬರು ಬಂದರೂ ಎರಡು ದಿನ ಮುಂಚೆ ನನ್ನ ಕೈಗೆ ಸುಣ್ಣದ ಬಕೀಟು. ಸಾಹೇಬರು ಭಾಷಣದ ಕೊನೆಗೆ ಅಡುಗೆಯವರಿಗೂ ಧನ್ಯವಾದ ಹೇಳಿ ಕಾರು ಹತ್ತುತ್ತಿದ್ದರು. ಬಣ್ಣ ಹಚ್ಚಿದವನೊಬ್ಬ ಇದ್ದಾನೆಂದು ಅವರಿಗೆ ಹೊಳೆಯುತ್ತಿರಲಿಲ್ಲ. ನೀವೂ ಇದಕ್ಕೆ ತಯಾರಾಗಿಯೇ ಹೋಗಿ. ಎರಡನೆಯ ವರ್ಷದಿಂದ ಸಿಟ್ಟು ಬರುವುದಿಲ್ಲ, ಅದೇ ಕೆಟ್ಟದ್ದು.

ಆ ಶಾಲೆಗೆ ಭೂಮಿ ದಾನ ಮಾಡಿದ ಹಿರಿಯರೊಬ್ಬರಿದ್ದರು. ತೀರಿಕೊಂಡು ಬಹಳ ಕಾಲವಾಗಿತ್ತು. ಅವರ ಚಿತ್ರ ಬರೆದು ಆಫೀಸಿನಲ್ಲಿ ತೂಗುಹಾಕಬೇಕೆಂದು ತೀರ್ಮಾನವಾಯಿತು. ಸಿಕ್ಕದ್ದು ಒಂದೇ ಫೋಟೋ. ಹೊಲದ ಬದುವಿನ ಮೇಲೆ ಕುಳಿತಿದ್ದಾರೆ, ಗಡ್ಡ ಬೆಳೆದಿದೆ, ಅಂಗಿಗೆ ತೇಪೆ ಇದೆ, ಬಾಯಿತುಂಬ ನಗುತ್ತಿದ್ದಾರೆ. ನಾನು ಆ ನಗುವಿಗೆ ಮರುಳಾಗಿ ಇದ್ದದ್ದು ಇದ್ದಂತೆ ಬರೆದೆ. ಪರದೆ ಸರಿಸುವ ದಿನ ಅವರ ಮಗ, ಊರಿನ ಗೌಡರು, ಚಿತ್ರದ ಮುಂದೆ ನಿಂತರು.

"ಇವರ್ಯಾರ್ರಿ?"

"ನಿಮ್ಮ ತಂದೆಯವರ್ರಿ."

"ನಮ್ಮಪ್ಪ ಭೂಮಿ ಕೊಟ್ಟವ. ಇವನ ನೋಡಿದ್ರ ಭೂಮಿ ಬೇಡಲಿಕ್ಕ ಬಂದವನಂಗ ಕಾಣತಾನ."

ಚಿತ್ರ ಅಂದೇ ಕೆಳಗಿಳಿಯಿತು. ಚೌಕಟ್ಟು ಚೆನ್ನಾಗಿತ್ತೆಂದು ಅದರಲ್ಲಿ ಶಾಲೆಯ ವೇಳಾಪಟ್ಟಿ ಹಾಕಿದರು. ಹೆಡ್ ಮಾಸ್ತರರು ನನ್ನನ್ನು ಕರೆದು, "ಡಿಗ್ರಿ ತಗೊಂಡ್ರ ಆಗಂಗಿಲ್ರಿ. ಬೀದರಿಗಿ ಹೋಗ್ರಿ, ಪಂಢರಿನಾಥ ಮಾಸ್ತರ ಹತ್ರ ಕೂಡ್ರಿ," ಅಂದರು.

ಪಂಢರಿನಾಥ ಮಾಸ್ತರರು ನಮ್ಮ ಜಿಲ್ಲೆಗೆಲ್ಲ ದೊಡ್ಡ ಕಲಾವಿದರು. ಬೀದರಿನ ಹಳೇ ಊರಿನ ಓಣಿಯೊಂದರಲ್ಲಿ ಅವರ ಸ್ಟುಡಿಯೋ. ತೀರಿಹೋದವರ ಚಿತ್ರ ಬರೆಯುವುದು ಅಲ್ಲಿಯ ಮುಖ್ಯ ಕೆಲಸ. ಇಳಿಸಿದ ಚಿತ್ರವನ್ನು ಒಯ್ದು ಅವರ ಮುಂದೆ ಹಿಡಿದೆ. ನೋಡಿ ಗೋಣು ಹಾಕಿದರು.

"ಕೈ ಚಲೋ ಅದ. ಅಕಲ್ ಇಲ್ಲ," ಅಂದರು. "ಸತ್ತವರ ವಯಸ್ಸು ಹತ್ತು ವರ್ಷ ಇಳಸು, ಬಂಗಾರ ಹತ್ತು ತೊಲಿ ಏರಸು. ಮನಿ ಮಂದಿ ನೋಡಿ ಅಳಬೇಕು. ಅತ್ರಂದ್ರ ಚಿತ್ರ ಪಾಸು."

ಅಂದಿನಿಂದ ಪ್ರತಿ ಭಾನುವಾರ, ಶಾಲೆಯ ಪ್ರತಿ ಸೂಟಿಯಲ್ಲಿ ಬಸ್ಸು ಹಿಡಿದು ಅಲ್ಲಿಗೆ ಹೋದೆ. ಅವರು ಕಲಿಸಲಿಲ್ಲ ಎಂದರೆ ನನ್ನ ನಾಲಿಗೆಗೆ ಹುಳ ಬಿದ್ದೀತು. ಚರ್ಮದ ಬಣ್ಣಕ್ಕೆ ಕಪ್ಪು ಬೆರೆಸಬಾರದು, ಬಿಸಿಲಲ್ಲಿ ದುಡಿದವನ ಮುಖದಲ್ಲಿ ಕೆಮ್ಮಣ್ಣಿನ ಜೊತೆ ತುಸು ಹಸಿರೂ ಇರುತ್ತದೆ ಎಂದು ತೋರಿಸಿಕೊಟ್ಟವರು ಅವರೇ. ಬಿಳಿ ಪಂಚೆಯಲ್ಲಿ ಬಿಳಿ ಎಷ್ಟು ಕಡಿಮೆ ಎಂಬುದನ್ನು ನಾನು ಕಲಿತದ್ದು ಅಲ್ಲಿಯೇ. ಜೊತೆಗೆ ಆ ಸ್ಟುಡಿಯೋದ ಕಟ್ಟಳೆಯನ್ನೂ ಕಲಿತೆ.

ಕಟ್ಟಳೆ ಇಷ್ಟು. ಶಿಷ್ಯರು ಫೋಟೋದ ಮೇಲೆ ಚೌಕ ಹಾಕಿ ಕ್ಯಾನ್ವಾಸಿಗೆ ಮುಖ ಇಳಿಸಬೇಕು. ಬಟ್ಟೆ, ಕೈ, ಕಿವಿ, ಮೂಗು, ತುಟಿ ಎಲ್ಲ ಮುಗಿಸಬೇಕು. ಕಣ್ಣಿನ ಎರಡು ಜಾಗ ಮಾತ್ರ ಬಿಳಿಯಾಗಿ ಬಿಡಬೇಕು. ಕೊನೆಗೆ ಮಾಸ್ತರರು ಚಹಾ ಕುಡಿದು, ಕನ್ನಡಕ ಒರೆಸಿಕೊಂಡು, ಸಣ್ಣ ಕುಂಚ ಹಿಡಿದು ಬರುತ್ತಿದ್ದರು. ಕಣ್ಣು ಬರೆದು, ಅದೇ ಕುಂಚದಿಂದ ಕೆಳಗೆ ಬಲಮೂಲೆಯಲ್ಲಿ ತಮ್ಮ ಸಹಿ ಹಾಕುತ್ತಿದ್ದರು. "ಕಣ್ಣು ಯಾರ ಬರೀತಾರ, ಚಿತ್ರ ಅವರದು. ಉಳದದ್ದು ಗ್ವಾಡಿಗಿ ಸುಣ್ಣ ಹಚ್ಚಿದಂಗ," ಎನ್ನುವುದು ಅವರ ಮಾತು. ಅವರ ಗುರುಗಳೂ ಹಾಗೇ ಹೇಳುತ್ತಿದ್ದರಂತೆ. ಅವರು ಬರೆದ ಕಣ್ಣು ನಿಜಕ್ಕೂ ಚೆನ್ನಾಗಿರುತ್ತಿದ್ದವು, ಅದನ್ನೂ ಹೇಳಿಬಿಡಬೇಕು. ಸತ್ತವರು ಎದ್ದು ಕುಳಿತು ನಮ್ಮನ್ನೇ ನೋಡುತ್ತಿದ್ದಾರೆ ಅನಿಸುತ್ತಿತ್ತು.

ಒಂದು ಸಲ ಭಾಲ್ಕಿಯ ದೊಡ್ಡ ಮನೆಯೊಂದಕ್ಕೆ ಅವರ ಅಜ್ಜಿಯ ಚಿತ್ರವನ್ನು ಮುಟ್ಟಿಸಲು ಮಾಸ್ತರರ ಜೊತೆ ಹೋಗಿದ್ದೆ. ಆ ಅಜ್ಜಿಯ ಮುಖ, ಮೂಗುತಿ, ಇಳಕಲ್ ಸೀರೆಯ ಅಂಚು ಎಲ್ಲ ನನ್ನ ಕೈಯವೇ. ಮನೆಯ ಯಜಮಾನಿ ಚಿತ್ರ ನೋಡಿ ಕಣ್ಣೊರೆಸಿಕೊಂಡರು. ನನ್ನನ್ನು ನೋಡಿ ಯಾವ ಊರೆಂದು ಕೇಳಿದರು.

"ಮೆಹಕರದವ ಇದ್ದೇನ್ರಿ."

"ಮೆಹಕರದಾಗ ಯಾರ ಪೈಕಿ?"

ನಮ್ಮ ಕಡೆ ಈ ಪ್ರಶ್ನೆಗೆ ಅರ್ಥ ಒಂದೇ, ಜಾತಿ. ನಾನು ಬಾಯಿ ತೆರೆಯುವ ಮೊದಲೇ ಮಾಸ್ತರರು ನಡುವೆ ಬಂದರು. "ಇವಾ ಬರೇ ಹಿಂದಿನ ಬಣ್ಣ ಬಳದಾನ್ರಿ ಅವ್ವಾರ. ಮಾರಿ ಮುಟ್ಟಿಲ್ಲ. ಮಾರಿ ಎಲ್ಲಾ ನನ್ನ ಕೈದು."

ಚಿತ್ರ ನೇರ ದೇವರ ಕೋಣೆಗೆ ಹೋಯಿತು. ನನಗೆ ಪಡಸಾಲೆಯ ಹೊರಗೆ ಸ್ಟೀಲಿನ ಲೋಟದಲ್ಲಲ್ಲ, ಕಾಗದದ ಕಪ್ಪಿನಲ್ಲಿ ಚಹಾ ಬಂತು. ವಾಪಸು ಬರುವಾಗ ಬಸ್ಸಿನಲ್ಲಿ ಮಾಸ್ತರರು ನನ್ನ ಭುಜದ ಮೇಲೆ ಕೈಯಿಟ್ಟು, "ನಿನ್ನ ಸಲುವಾಗೇ ಅಂದೆ ಸಿದ್ಧಾರ್ಥ. ಇಲ್ಲಂದ್ರ ಚಿತ್ರ ವಾಪಸ್ ಬರತಿತ್ತು," ಅಂದರು. ಅವರು ಹೇಳಿದ್ದು ಸುಳ್ಳಲ್ಲ, ವಾಪಸು ಬರುತ್ತಿತ್ತು. ಆ ಕಹಿ ಇನ್ನೂ ನಾಲಿಗೆಯ ಮೇಲಿದೆ.

ಹಾಗಿದ್ದೂ ಅಲ್ಲಿಗೆ ಹೋಗುವುದನ್ನು ಯಾಕೆ ಬಿಡಲಿಲ್ಲ ಎಂದು ನೀವು ಕೇಳಬಹುದು. ನಮ್ಮ ಜಿಲ್ಲೆಯಿಂದ ಬೆಂಗಳೂರಿನ ಪ್ರದರ್ಶನಕ್ಕೆ ಯಾರ ಚಿತ್ರ ಹೋಗಬೇಕು, ಶಿಬಿರಕ್ಕೆ ಯಾರನ್ನು ಕರೆಯಬೇಕು, ಪತ್ರಿಕೆಯಲ್ಲಿ ಯಾರ ಹೆಸರು ಬರಬೇಕು ಎಂಬುದೆಲ್ಲ ಮಾಸ್ತರರ ಒಂದು ಮಾತಿನ ಮೇಲೆ ನಿಂತಿತ್ತು. ಕೈ ಚೆನ್ನಾಗಿದ್ದರೆ ಸಾಲದು, ಯಾರ ಕೈಕೆಳಗಿನವನು ಎಂಬುದು ಬೇಕು. ಚಿತ್ರ ಆರಿಸುವ ಸಮಿತಿಯವರು ಬೆಂಗಳೂರಿನಿಂದ ಬಂದಾಗ ಕೋಟೆ ತೋರಿಸಲು ಜೊತೆಗೆ ಹೋಗಬೇಕು, ಅವರಿಗೆ ಬಿಸಿಲು ಹತ್ತಿದರೆ ಕೊಡೆ ಹಿಡಿಯಬೇಕು. ಅವರು ತಮ್ಮ ಚಿತ್ರಗಳ ಬಗ್ಗೆ ಹೇಳುವಾಗ ಹೌದು ಹೌದು ಎನ್ನಬೇಕು. ನಿಮ್ಮ ಚಿತ್ರಗಳ ಬಗ್ಗೆ ಯಾರೂ ಕೇಳುವುದಿಲ್ಲ, ಆದ್ದರಿಂದ ಉತ್ತರ ತಯಾರು ಮಾಡಿಕೊಳ್ಳುವ ಕಷ್ಟವಿಲ್ಲ. ಇನ್ನೊಂದು ಮಾತು. ಬೀದರಿನವನು ಕಳಿಸಿದ ಚಿತ್ರದಲ್ಲಿ ಕೋಟೆ ಇಲ್ಲದಿದ್ದರೆ ದೂರದ ಊರಿನವರಿಗೆ ಸಮಾಧಾನವಿಲ್ಲ. ನಾನೂ ಕೋಟೆಯನ್ನು ಬೆಳಗಿನಲ್ಲಿ ಬರೆದೆ, ಸಂಜೆಯಲ್ಲಿ ಬರೆದೆ, ಪಾರಿವಾಳ ಇಟ್ಟು ಬರೆದೆ. ಪ್ರದರ್ಶನದಲ್ಲಿ ಎಲ್ಲವನ್ನೂ ಮೆಟ್ಟಿಲ ಕೆಳಗಿನ ಕತ್ತಲಲ್ಲೇ ತೂಗುಹಾಕಿದರು.

ಭಾಲ್ಕಿಗೆ ವರ್ಗವಾದ ಮೇಲೆ ಕೋಟೆಯ ಮೇಲೆ ಹೇಸಿಗೆ ಬಂತು. ಬೀದರಿಗೆ ಹೋದಾಗ ಗಾಂಧಿ ಗಂಜಿನ ಧಾನ್ಯದ ಪೇಟೆಯಲ್ಲಿ ಹೋಗಿ ಕೂರತೊಡಗಿದೆ. ತೊಗರಿಯ ಸುಗ್ಗಿ. ಲಾರಿಗಳು, ತಳ್ಳುಗಾಡಿಗಳು, ಹವಾದಲ್ಲಿ ತೊಗರಿಯ ಧೂಳು. ಅಲ್ಲಿ ಔರಾದ ಕಡೆಯ ಹಮಾಲನೊಬ್ಬನಿದ್ದ, ಕಾಶಿನಾಥ ಅಂತ. ಅವನನ್ನು ಬರೆಯುತ್ತೇನೆ ಅಂದಾಗ ಗಾಬರಿಬಿದ್ದ.

"ಯಾಕ್ರಿ ಸರ್, ನಾ ಇನ್ನಾ ಸತ್ತಿಲ್ಲಲ್ಲ."

"ಬದುಕಿದವರ್ದೂ ಬರೀತಾರೋ ಮಾರಾಯ."

"ನಮ್ಮಂಥವರ್ದ?"

ನಕ್ಕು ನಿಂತುಕೊಂಡ. ನಾನು ಬರೆದದ್ದು ಚೀಲ ಹೊತ್ತವನನ್ನಲ್ಲ, ಆಗತಾನೆ ಇಳಿಸಿದವನನ್ನು. ಚೀಲ ನೆಲಕ್ಕೆ ಬಂದಿದೆ, ಬೆನ್ನು ಮಾತ್ರ ಇನ್ನೂ ನೆಟ್ಟಗಾಗಿಲ್ಲ. ಹಾಗೇ ಬಾಗಿಕೊಂಡು ತಲೆ ಎತ್ತಿ ನಮ್ಮ ಕಡೆ ನೋಡುತ್ತಾನೆ. ಸೂಟಿಯಿಡೀ ಅದರ ಮೇಲೆಯೇ ಕೂತೆ. ಆ ಬೆನ್ನನ್ನು ಬರೆಯುವಾಗ ನನ್ನ ಬೆನ್ನು ನೋಯುತ್ತಿತ್ತು. ಅದು ನನ್ನ ಚಿತ್ರ, ಬೇರೆ ಯಾರದೂ ಅಲ್ಲ ಎಂದು ಮೊದಲ ಸಲ ಅನ್ನಿಸಿತು. ಇದರ ಕೆಳಗೆ ನನ್ನ ಹೆಸರು ಬಿದ್ದರೆ ಸಾಕು, ಇನ್ನೇನೂ ಬೇಡ ಅಂದುಕೊಂಡೆ.

ಕಣ್ಣು ಉಳಿದವು.

ಕುಂಚ ಹಿಡಿದು ಹತ್ತಿರ ಹೋಗುವುದು. ಒಂದು ಚುಕ್ಕೆ ಇಡುವುದು, ಅರಿವೆಯಿಂದ ಒರೆಸುವುದು. ವರ್ಷಗಟ್ಟಲೆ ಆ ಜಾಗ ಬಿಟ್ಟು ಬಿಟ್ಟು, ಅದು ನನ್ನದಲ್ಲ ಎಂದು ಕೈಗೇ ಗೊತ್ತಾಗಿಬಿಟ್ಟಿತ್ತು. ಚಿತ್ರ ಗೋಡೆಗೆ ಒರಗಿಕೊಂಡೇ ಮಳೆಗಾಲ ಕಳೆಯಿತು. ನನ್ನ ಹೆಂಡತಿ ಸುಜಾತಾ ಕಸ ಗುಡಿಸುವಾಗೆಲ್ಲ ಅದನ್ನು ಸುತ್ತು ಹಾಕಿ ಹೋಗುತ್ತಿದ್ದಳು.

"ಕುರುಡನ್ನ ಮನ್ಯಾಗ ಎಷ್ಟ ದಿನ ನಿಂದರಿಸ್ತೀರಿ?" ಅಂದಳು ಒಂದು ದಿನ. "ಕೆಟ್ಟರ ಕೆಡಲಿ, ಬರದ ಬಿಡ್ರಿ."

ನಾನು ಬರೆಯಲಿಲ್ಲ. ಚಿತ್ರವನ್ನು ಚಾದರದಲ್ಲಿ ಸುತ್ತಿ ಬಸ್ಸಿನ ಮೇಲೆ ಹಾಕಿಕೊಂಡು ಮಾಸ್ತರರ ಬಳಿಗೆ ಒಯ್ದೆ. ಯಾರೂ ನನ್ನ ಕೈಹಿಡಿದು ಎಳೆದೊಯ್ಯಲಿಲ್ಲ. ನಾನೇ ಒಯ್ದೆ.

ಮಾಸ್ತರರು ಚಾದರ ಸರಿಸಿ ಚಿತ್ರವನ್ನು ಬೆಳಕಿಗೆ ತಿರುಗಿಸಿದರು.

"ಯಾರ ಹೇಳಿದ್ರು ಇದನ್ನ ಬರಿ ಅಂತ?"

"ಯಾರೂ ಇಲ್ರಿ. ನಾನ ಬರದೆ."

"ಕಣ್ಣು?"

"ಒಂದ್ ಸಲ ತೋರಿಸಿಕೊಡ್ರಿ ಮಾಸ್ತರ್."

ಕನ್ನಡಕ ಒರೆಸಿಕೊಂಡರು. ಚಹಾ ಆರುವಷ್ಟರಲ್ಲಿ ಕಣ್ಣು ಬಂದವು. ಕಾಶಿನಾಥ ಕ್ಯಾನ್ವಾಸಿನೊಳಗಿಂದ ನನ್ನನ್ನು ನೋಡಿದ. ಅವರ ಕಾಲು ಮುಟ್ಟಬೇಕು ಅನ್ನಿಸಿತು. ಅಷ್ಟರಲ್ಲಿ ಅವರ ಕುಂಚ ಕೆಳಗೆ ಬಲಮೂಲೆಗೆ ಇಳಿಯಿತು. ನನಗೆ ಕಾಣುತ್ತಿತ್ತು. ಮಾಸ್ತರ್, ಇದು ನಂದ್ರಿ ಎನ್ನಲು ಬೇಕಾದಷ್ಟು ಹೊತ್ತಿತ್ತು. ಅವರು ಅವಸರವನ್ನೂ ಮಾಡಲಿಲ್ಲ, ನನ್ನಿಂದ ಮುಚ್ಚಿಟ್ಟೂ ಮಾಡಲಿಲ್ಲ. ದಿನಾ ಹಾಕುವಂತೆ ಹಾಕಿದರು. ನಾನು ಕುಂಚ ತೊಳೆಯಲು ಸೀಮೆಎಣ್ಣೆಯ ಡಬ್ಬಿ ತಂದುಕೊಟ್ಟೆ.

ಅವರು ಕಳ್ಳತನ ಮಾಡಲಿಲ್ಲ, ಕಟ್ಟಳೆ ನಡೆಸಿದರು. ಕಳ್ಳನಾಗಿದ್ದರೆ ನಾನು ಕೂಗಿಕೊಳ್ಳಬಹುದಿತ್ತು.

ಚಿತ್ರ ಬೆಂಗಳೂರಿಗೆ ಹೋಯಿತು. ದೊಡ್ಡ ಬಹುಮಾನ ಬಂತು, ಪತ್ರಿಕೆಯಲ್ಲಿ ಫೋಟೋ ಬಂತು. ಕೋಟೆ ಇಲ್ಲದ ಬೀದರ ಎಂದು ಯಾರೋ ಹೊಗಳಿದರು. ಬೀದರಿನಲ್ಲಿ ಸತ್ಕಾರ ಸಮಾರಂಭ ಇಟ್ಟುಕೊಂಡರು. ವೇದಿಕೆಯ ಹಿಂದಿನ ಪರದೆಯ ಮೇಲೆ ಮಾಸ್ತರರ ಹೆಸರನ್ನು ದೊಡ್ಡ ಅಕ್ಷರದಲ್ಲಿ ಬರೆಯುವುದಕ್ಕೆ ಯಾರನ್ನು ಕರೆದರೆಂದು ಹೇಳಬೇಕಾಗಿಲ್ಲ. ಅಕ್ಷರ ಬಹಳ ಚೆನ್ನಾಗಿ ಬಂದಿದ್ದವು. ಅಂದು ತಮಗೆ ಹೊದಿಸಿದ ಶಾಲುಗಳಲ್ಲಿ ಒಂದನ್ನು ಮಾಸ್ತರರು ನನಗೆ ಕೊಟ್ಟು, "ಇದು ನಿನ್ನ ಪಾಲು," ಅಂದರು. ಸುಜಾತಾ ಅದನ್ನು ಬಿಚ್ಚಿಯೂ ನೋಡಲಿಲ್ಲ. ಜೋಳದ ಡಬ್ಬಿಯ ಮುಚ್ಚಳ ಸಡಿಲಾಗಿತ್ತು, ಅದಕ್ಕೆ ಸುತ್ತಿದಳು. ಈಗಲೂ ಅಲ್ಲೇ ಇದೆ.

ಆಮೇಲೆ ಫ್ಲೆಕ್ಸ್ ಬಂತು. ತೀರಿಹೋದವರು ರಾತ್ರಿ ಕಳೆಯುವುದರೊಳಗೆ ಮೋಡದ ನಡುವೆ ನಿಂತು ಕೈಮುಗಿಯತೊಡಗಿದರು. ಕಂಪ್ಯೂಟರಿನವನು ಕಣ್ಣಿಗಾಗಿ ಯಾರನ್ನೂ ಕಾಯಲಿಲ್ಲ. ಫ್ಲೆಕ್ಸಿನ ಕೆಳಗೆ ಅಂಗಡಿಯ ಹೆಸರು, ಮೊಬೈಲ್ ನಂಬರು ಎದ್ದು ಕಾಣುವಂತೆ ಹಾಕಿದ, ಯಾರೂ ಯಾಕೆಂದು ಕೇಳಲಿಲ್ಲ. ಹೆಸರು ಹಾಕಿಕೊಳ್ಳುವುದು ಇಷ್ಟು ಸುಲಭವಿತ್ತೇ ಎಂದು ನಾನು ಬೀದಿಯಲ್ಲಿ ನಿಂತು ನೋಡಿದೆ. ಮಾಸ್ತರರ ಸ್ಟುಡಿಯೋ ಮುಚ್ಚಿತು. ವಯಸ್ಸಾಗಿ ಅವರ ಕೈಯೂ ಸೋತಿತ್ತು. ನಾನು ನಿವೃತ್ತನಾದ ಮೇಲೆ ಅವರು ತೀರಿಕೊಂಡರು. ಅವರ ಮನೆಯವರು ಫ್ಲೆಕ್ಸ್ ಹಾಕಿಸಿದ್ದರು.

ಅವರ ನೆನಪಿನ ಸಭೆ ಬೀದರಿನಲ್ಲೇ ಆಯಿತು. ಕಾಶಿನಾಥನ ಆ ಚಿತ್ರವನ್ನು ಸಭೆಗಾಗಿ ಬೆಂಗಳೂರಿನಿಂದ ತರಿಸಿದ್ದರು. ಅಷ್ಟು ವರ್ಷಗಳ ಮೇಲೆ ಅದನ್ನು ನೋಡಿದೆ. ಬೆನ್ನು ಹಾಗೇ ಇತ್ತು. ಮಾತಾಡಿದವರೆಲ್ಲ ಆ ಹಮಾಲನ ನೋಟವನ್ನು ಹೊಗಳಿದರು, ಬೆನ್ನಿನ ಬಗ್ಗೆ ಒಬ್ಬರೂ ಮಾತಾಡಲಿಲ್ಲ. ಮೆಚ್ಚಿನ ಶಿಷ್ಯನೆಂದು ನನ್ನನ್ನು ಕರೆದರು. ಮನೆಯಿಂದ ಹೊರಡುವಾಗಲೇ ನಿರ್ಧರಿಸಿದ್ದೆ. ಮೈಕು ಹಿಡಿದು, "ಈ ಚಿತ್ರ ನಾ ಬರದೀನಿ," ಅಂದೆ.

ಮುಂದಿನ ಸಾಲಿನಲ್ಲಿ ಬಸವರಾಜ ಕುಳಿತಿದ್ದ. ಅವನೂ ಮಾಸ್ತರರ ಶಿಷ್ಯ, ನನಗಿಂತ ಹಿರಿಯ. ಅವನಲ್ಲಿ ಹೊಟ್ಟೆಕಿಚ್ಚಿಲ್ಲ, ಕೇಡಿಲ್ಲ. ನಿಧಾನವಾಗಿ ಕೇಳಿದ.

"ಕಣ್ಣು ಯಾರ ಬರದಾರ್ರಿ ಸಿದ್ಧಾರ್ಥ?"

"ಕಣ್ಣು ಮಾಸ್ತರದು."

"ಮತ್ತ?"

ತನ್ನ ಕೈಯಾರೆ ಎಷ್ಟೋ ಮುಖಗಳನ್ನು ಬರೆದು ಕಣ್ಣಿನ ಜಾಗ ಬಿಟ್ಟುಕೊಟ್ಟವನು ಅವನು. ಇಂದು ನನ್ನದು ಸರಿ ಎಂದರೆ ಅವನ ಇಡೀ ಬದುಕು ತಪ್ಪಾಗುತ್ತಿತ್ತು. ನಿರೂಪಣೆಯವನು ಚುರುಕಾಗಿದ್ದ, ಮೈಕನ್ನು ನನ್ನ ಕೈಯಿಂದ ತೆಗೆದುಕೊಂಡ. "ಗುರುವಿನ ಕೃತಿಯನ್ನು ತನ್ನದೇ ಅನ್ನುವಷ್ಟು ಪ್ರೀತಿ. ಗುರುಭಕ್ತಿ ಅಂದರೆ ಇದು," ಅಂದ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನನ್ನ ಬದುಕಿನಲ್ಲಿ ನನಗೆ ಬಿದ್ದ ದೊಡ್ಡ ಚಪ್ಪಾಳೆ ಅದೇ.

ಇಷ್ಟನ್ನು ಬರೆದು ಸವಿತಾಳಿಗೆ ಕಳಿಸಿ ಮುಗಿಯಿತು ಅಂದುಕೊಂಡಿದ್ದೆ. ಓದಿದ್ದಾಳೋ ಇಲ್ಲವೋ ತಿಳಿಸಲಿಲ್ಲ. ಸ್ವಲ್ಪ ದಿನದ ಮೇಲೆ ಫೋನು ಮಾಡಿ, ಒಂದು ಚಿತ್ರ ಬರೆಯುತ್ತಿದ್ದೇನೆ, ಬಂದು ನೋಡಿ ಅಂದಳು. ಔರಾದಿಗೆ ಹೋದೆ. ಮನೆಯ ಮುಂದಿನ ಕೋಣೆಯಲ್ಲಿ ದೊಡ್ಡ ಕ್ಯಾನ್ವಾಸು. ಅವಳ ಅವ್ವ ಬಸ್ ನಿಲ್ದಾಣದ ಕಟ್ಟೆಯ ಮೇಲೆ ಕುಳಿತಿದ್ದಾಳೆ, ಚಪ್ಪಲಿ ಕಳಚಿ ಒಂದು ಕಾಲು ಮೇಲಿಟ್ಟುಕೊಂಡಿದ್ದಾಳೆ. ಆ ಕಾಲಿನ ಹಿಮ್ಮಡಿಯ ಬಿರುಕು ನೋಡಿ ನನಗೆ ಸಂತೋಷವಾಯಿತು, ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು. ಕಣ್ಣು ಮಾತ್ರ ಇನ್ನೂ ಬರೀ ಗೆರೆಯಲ್ಲಿದ್ದವು. ಎಡಗಣ್ಣು ತುಸು ಕೆಳಗಿಳಿದಿತ್ತು.

"ಎಡಗಣ್ಣು ಇಳದದ," ಅಂದೆ. ಸಣ್ಣ ಕುಂಚ ಯಾವಾಗ ನನ್ನ ಕೈಗೆ ಬಂತೋ ತಿಳಿಯದು. ಕನ್ನಡಕ ಒರೆಸಿಕೊಂಡು ಮುಂದೆ ಹೋದೆ. ಸವಿತಾ ನನಗೂ ಚಿತ್ರಕ್ಕೂ ನಡುವೆ ಬಂದು ನಿಂತಳು.

"ಬ್ಯಾಡ್ರಿ ಸರ್."

"ಬರೇ ಎರಡು ಗೆರಿ."

"ಗೊತ್ತದರಿ. ನೀವ್ ಮಾಡಿದ್ರ ಚಲೋನೂ ಆಗತದ. ಸೊಟ್ಟ ಇದ್ರೂ ಇರಲಿ, ನಾನ ಬರೀತೇನಿ."

ಸಿಟ್ಟು ಬಂತು. ಕಲಿಸಿದವನಿಗೆ ಹೀಗೆ ಹೇಳುವುದೇ ಅಂದುಕೊಂಡೆ. ಮಾಸ್ತರರ ಕೋಣೆಯಲ್ಲಿ ನಾನು ಆಡಬೇಕಾಗಿದ್ದ ಮಾತು ಇದೇ ಎಂದು ಹೊಳೆಯುವಷ್ಟರಲ್ಲಿ ನಾಚಿಕೆಯಿಂದ ಕಿವಿ ಬಿಸಿಯಾಗಿದ್ದವು. ಕುಂಚವನ್ನು ಅವಳ ಕೈಗೆ ಕೊಟ್ಟು ಹಿಂದೆ ಸರಿದೆ. ಆಗ ಬಲಮೂಲೆ ಕಣ್ಣಿಗೆ ಬಿತ್ತು. ಅಲ್ಲಿ ಅವಳ ಹೆಸರು ಆಗಲೇ ಇತ್ತು, ಬಣ್ಣ ಪೂರ್ತಿ ಒಣಗಿತ್ತು. ಕಣ್ಣು ಬರೆಯುವ ಮೊದಲೇ ಸಹಿ ಹಾಕಿಬಿಟ್ಟಿದ್ದಳು.

ಹಾಗೂ ಮಾಡಬಹುದೆಂದು ನನಗೆ ಯಾರೂ ಹೇಳಿರಲಿಲ್ಲ.